ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು

"ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟು ದಿನ ಬಂದೀತು?" ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಊರು ಬಿಟ್ಟು ಹೊರಟವರೆಲ್ಲ ಒಮ್ಮೆಯಾದರೂ ಕೇಳಿಸಿಕೊಂಡಿರುವ ಗಾದೆ ಇದು. ಬುತ್ತಿ ಎರಡು ದಿನಕ್ಕೆ ಹಳಸುತ್ತದೆ, ಹೇಳಿಕೊಟ್ಟ ಬುದ್ಧಿಯೂ ಹಾಗೆಯೇ. ಮುಂದೆ ನಿನ್ನ ದಾರಿ ನೀನೇ ನೋಡಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಮಾತೇನೋ ನಿಜ. ಆದರೆ ಇದನ್ನು ಅಕ್ಷರಶಃ ಒಪ್ಪಿದರೆ ಯಾರೂ ಯಾರಿಗೂ ಏನನ್ನೂ ಹೇಳಿಕೊಡಬೇಕಾಗಿಲ್ಲ ಎಂದಾಗುತ್ತದಲ್ಲವೆ? ಹೇಳಿಕೊಟ್ಟದ್ದೆಲ್ಲ ಹಳಸುವುದೆ? ಹಳಸದಂತೆ ಹೇಳಿಕೊಡುವ ಬಗೆ ಯಾವುದಾದರೂ ಉಂಟೆ? ಹೊಸಬನಿಗೆ ನಾವು ಮಾಡುವ ಸಹಾಯದಲ್ಲಿ ಎಷ್ಟು ಅವನಿಗಾಗಿ, ಎಷ್ಟು ನಮ್ಮ ಹೆಮ್ಮೆಗಾಗಿ? ಈ ಪ್ರಶ್ನೆಗಳನ್ನು ಸ್ವಲ್ಪ ವಿವೇಚಿಸಿ ನೋಡೋಣ.

ಈ ಹಳೆಯ ಪ್ರಶ್ನೆಗೆ ಹೊಸ ಸಂದರ್ಭವೊಂದು ನಮ್ಮ ಮನೆಗಳಲ್ಲೇ ಒದಗಿಬಂದಿದೆ. ಮಕ್ಕಳ ವಿಡಿಯೋ ಗೇಮುಗಳ ವಿಷಯದಲ್ಲಿ ನಾವೆಲ್ಲ ಒಂದಲ್ಲ ಒಂದು ದಿನ ಗದರಿದವರೇ. ಆದರೆ ಆಡುವ ಮಕ್ಕಳಲ್ಲಿ ಕೆಲವರು ಒಂದು ಹಂತ ದಾಟಿದ ಮೇಲೆ ಆಡುವುದನ್ನು ಬಿಟ್ಟು ಆಟವನ್ನೇ ಬಿಚ್ಚಿ ನೋಡತೊಡಗುತ್ತಾರೆ. ಅದರ ಚಿತ್ರ ಬದಲಿಸುತ್ತಾರೆ, ಹೊಸ ಅಂಗಳ ಕಟ್ಟುತ್ತಾರೆ, ನಿಯಮ ತಿದ್ದುತ್ತಾರೆ. ಹೀಗೆ ತಿದ್ದಿ ಸೇರಿಸಿದ್ದಕ್ಕೆ 'ಮಾಡ್' ಎಂದು ಹೆಸರು. ಮಾಡಿಫಿಕೇಶನ್ ಎಂಬ ಇಂಗ್ಲಿಷ್ ಶಬ್ದದ ತುಂಡು ಅದು. ಆದರೂ ನಮ್ಮ ಕಿವಿಗೆ ಅದು 'ಮಾಡು' ಎಂದೇ ಕೇಳಿಸುತ್ತದೆ. ಅರ್ಥವೂ ಅಷ್ಟೇನೂ ದೂರವಿಲ್ಲ.

ನಮ್ಮ ದೇಶದ ಓದುಗರಿಗೆ ಪರಿಚಿತವಾದ ಉದಾಹರಣೆಯೆಂದರೆ 2006ರಲ್ಲಿ ಬಂದ 'ಕ್ರಿಕೆಟ್ 07'. ಇ.ಎ. ಸ್ಪೋರ್ಟ್ಸ್‌ನವರ ಕ್ರಿಕೆಟ್ ಮಾಲೆಯಲ್ಲಿ ಅದೇ ಕೊನೆಯದಾಯಿತು. ಐಪಿಎಲ್ ಪಂದ್ಯಾವಳಿ ಆರಂಭವಾದದ್ದು 2008ರಲ್ಲಿ. ಆದ್ದರಿಂದ ಆ ಆಟದಲ್ಲಿ ಅದರ ತಂಡಗಳು ಇರುವ ಮಾತೇ ಇಲ್ಲ. ಆದರೆ ಆಡುವ ಹುಡುಗರು ಸುಮ್ಮನಿರಲಿಲ್ಲ. ತಂಡಗಳನ್ನೂ ಆಟಗಾರರ ಹೆಸರುಗಳನ್ನೂ ಉಡುಪಿನ ಬಣ್ಣಗಳನ್ನೂ ಕ್ರೀಡಾಂಗಣಗಳನ್ನೂ ತಾವೇ ಮಾಡಿ ಸೇರಿಸಿ, ಕಂಪೆನಿ ಕೈಬಿಟ್ಟ ಆಟವನ್ನು ವರ್ಷಗಟ್ಟಲೆ ಜೀವಂತವಾಗಿ ಇಟ್ಟರು. ಅವರಲ್ಲಿ ಯಾರೂ ಹುಟ್ಟುತ್ತಲೇ ಈ ವಿದ್ಯೆ ಕಲಿತು ಬಂದವರಲ್ಲ. ಒಬ್ಬನಿಗೆ ಇನ್ನೊಬ್ಬ ಹೇಳಿಕೊಟ್ಟಿದ್ದಾನೆ.

"ಆಟದ ವಿಷಯಕ್ಕೆ ಇಷ್ಟೊಂದು ಪೀಠಿಕೆಯೆ?" ಎಂದು ಕೆಲವರು ಕೇಳಬಹುದು. ಪರೀಕ್ಷೆಯ ಪಾಠವನ್ನು ಹೇಳಿಕೊಡುವವನಿಗೆ ಸಂಬಳವೋ ಫೀಸೋ ಉಂಟು, ಕಲಿಯುವವನಿಗೆ ಅಂಕದ ಆಸೆ ಉಂಟು. ಇಲ್ಲಿ ಅಂಕವೂ ಇಲ್ಲ, ಸಂಬಳವೂ ಇಲ್ಲ. ಮುಖ ನೋಡದ ಅಪರಿಚಿತನಿಗೆ ಅಪರಿಚಿತನೊಬ್ಬ ರಾತ್ರಿ ಕುಳಿತು ಉತ್ತರ ಬರೆಯುತ್ತಾನೆ. ಸಹಾಯವೆಂಬ ಗುಣವನ್ನು ಬೇರೆ ಲಾಭಗಳ ಕಲಬೆರಕೆಯಿಲ್ಲದೆ ನೋಡಬೇಕಾದರೆ ಇಂಥ ಚಿಕ್ಕ ವಿಷಯವೇ ಅನುಕೂಲ ಎಂದು ನಮಗೆ ತೋರುತ್ತದೆ.

ಈ ಪದ್ಧತಿಯ ಇತಿಹಾಸವನ್ನು ಸ್ವಲ್ಪ ನೋಡೋಣ. 1993ರ ಡಿಸೆಂಬರ್ 10ರಂದು ಅಮೆರಿಕದ ಐಡಿ ಸಾಫ್ಟ್‌ವೇರ್ ಎಂಬ ಸಣ್ಣ ಕಂಪೆನಿ 'ಡೂಮ್' ಎಂಬ ಆಟವನ್ನು ಹೊರತಂದಿತು. ಅದರ ಹಿಂದಿನ 'ವುಲ್ಫೆನ್‌ಸ್ಟೈನ್ 3ಡಿ' ಆಟವನ್ನು ಆಟಗಾರರು ಹೇಗೋ ಬಿಚ್ಚಿ ಹೊಸ ಅಂಗಳಗಳನ್ನು ಸೇರಿಸಿದ್ದರು. ಬೇರೆಯವರಾಗಿದ್ದರೆ ಬೀಗವನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದರೇನೋ. ಡೂಮ್‌ನ ಪ್ರೋಗ್ರಾಂ ಬರೆದ ಜಾನ್ ಕಾರ್ಮ್ಯಾಕ್ ಅದಕ್ಕೆ ವಿರುದ್ಧವಾದದ್ದನ್ನು ಮಾಡಿದರು. ಆಟವನ್ನು ನಡೆಸುವ ಯಂತ್ರಭಾಗವನ್ನು ಒಂದು ಕಡೆ, ಚಿತ್ರ, ಶಬ್ದ, ನಕ್ಷೆಗಳನ್ನು 'ವ್ಯಾಡ್' ಎಂಬ ಬೇರೆ ಕಡತದಲ್ಲಿ ಇಟ್ಟರು. ಯಂತ್ರವನ್ನು ಮುಟ್ಟದೆ ಸಾಮಗ್ರಿಯನ್ನು ಬದಲಿಸಲು ಇದರಿಂದ ಸಾಧ್ಯವಾಯಿತು. ಅಡುಗೆಮನೆಯ ಬಾಗಿಲನ್ನು ಅತಿಥಿಗಳಿಗೆ ತೆರೆದಿಟ್ಟಂತೆ ಎನ್ನಬಹುದು.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಬಂದವನಿಗೆ ಅಡುಗೆ ಬರುವುದಿಲ್ಲ. ಆ ವ್ಯಾಡ್ ಕಡತದೊಳಗೆ ಯಾವುದು ಎಲ್ಲಿದೆ ಎಂದು ತಿಳಿಯಬೇಕು. ಈ ಕೆಲಸವನ್ನು ಮಾಡಿದವರು ಆಟಗಾರರೇ. 1994ರ ಆರಂಭದಲ್ಲೇ ಬ್ರೆಂಡನ್ ವೈಬರ್ ಮತ್ತು ರಫಾಯೆಲ್ ಕಿನೆ ಎಂಬಿಬ್ಬರು ನಕ್ಷೆ ತಿದ್ದುವ ಸಾಧನವೊಂದನ್ನು ಮಾಡಿ ಉಚಿತವಾಗಿ ಹಂಚಿದರು. ಡೂಮ್ ಎಡಿಟಿಂಗ್ ಯುಟಿಲಿಟಿ, ಅಂದರೆ ಡಿಇಯು, ಎಂದು ಅದರ ಹೆಸರು. ಮ್ಯಾಟ್ ಫೆಲ್ ಎಂಬವರು ಕಡತದ ಅಂಗಾಂಗಗಳನ್ನೆಲ್ಲ ವಿವರಿಸುವ ದೊಡ್ಡ ಲಿಖಿತ ಕೈಪಿಡಿಯನ್ನು ಅದೇ ವರ್ಷ ಸಿದ್ಧಪಡಿಸಿ ಎಲ್ಲರ ಮುಂದಿಟ್ಟರು. ತಾವು ಕಷ್ಟಪಟ್ಟು ಕಂಡುಕೊಂಡದ್ದನ್ನು ಮುಂದಿನವನು ಪುನಃ ಕಷ್ಟಪಟ್ಟೇ ಕಂಡುಕೊಳ್ಳಲಿ ಎಂದು ಇವರು ಎಣಿಸಲಿಲ್ಲ. ಹಾಗೆಂದು ಮುಂದಿನವನ ನಕ್ಷೆಯನ್ನು ತಾವೇ ಬರೆದುಕೊಡಲೂ ಇಲ್ಲ. ಸಾಧನವನ್ನೂ ತಿಳಿವಳಿಕೆಯನ್ನೂ ಕೊಟ್ಟು, ಕೆಲಸವನ್ನು ಅವನ ಪಾಲಿಗೆ ಬಿಟ್ಟರು. ನಮ್ಮ ವಿಚಾರಕ್ಕೆ ಇದು ಮುಖ್ಯ.

ಈಗ ನಮ್ಮ ಮನೆಗಳ ಹತ್ತಿರಕ್ಕೆ ಬರೋಣ. 'ಮೈನ್‌ಕ್ರಾಫ್ಟ್' ಎಂಬ ಆಟದ ಹೆಸರನ್ನು ಮಕ್ಕಳಿರುವ ಮನೆಯವರೆಲ್ಲ ಕೇಳಿಯೇ ಇರುತ್ತಾರೆ. ಚೌಕ ಚೌಕ ಕಲ್ಲುಮಣ್ಣುಗಳಿಂದ ಮನೆ ಕಟ್ಟುವ ಆಟ. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಸ್ವಯಂಸೇವಕರು ಮಾಡಿರುವ ಅನುವಾದ ಅದು. ಇದನ್ನು ಮಕ್ಕಳಿಗೆ ತೋರಿಸಿದವರು ನಮ್ಮಲ್ಲಿ ಎಷ್ಟು ಮಂದಿಯೋ! ಒಬ್ಬ ಹುಡುಗ ಇದ್ದಾನೆ ಎಂದಿಟ್ಟುಕೊಳ್ಳಿ. ಅವನ ಮನೆಯಲ್ಲಿ ಆಲೂಗಡ್ಡೆಗೆ ಬಟಾಟೆ ಎನ್ನುತ್ತಾರೆ. ತನ್ನ ಆಟದಲ್ಲಿಯೂ ಅದು ಬಟಾಟೆಯೇ ಆಗಬೇಕೆಂದು ಅವನಿಗೆ ಆಸೆ. ಇದಕ್ಕೆ ಮಹಾವಿದ್ಯೆ ಬೇಕಿಲ್ಲ. ಒಂದು ಫೋಲ್ಡರ್ ಮಾಡಿ, ಅದರೊಳಗೆ 'ಪ್ಯಾಕ್.ಎಂಸಿಮೆಟಾ' ಎಂಬ ಸಣ್ಣ ಪರಿಚಯ ಕಡತವನ್ನಿಟ್ಟು, ಗೊತ್ತಾದ ಜಾಗದಲ್ಲಿ ಭಾಷೆಯ ಕಡತವೊಂದನ್ನು ಇರಿಸಿ, ಅದರಲ್ಲಿ ಬೇಕಾದ ಶಬ್ದವನ್ನು ಬರೆದರಾಯಿತು. ಶಾಸ್ತ್ರ ಬಲ್ಲವರು ಇದನ್ನು ಮಾಡ್ ಎನ್ನದೆ ರಿಸೋರ್ಸ್ ಪ್ಯಾಕ್ ಎನ್ನುತ್ತಾರೆ. ಇರಲಿ, ಹೊಸಬನಿಗೆ ಮೊದಲ ಮೆಟ್ಟಿಲು ಇದೇ.

ಹುಡುಗ ಹೇಳಿದಂತೆಯೇ ಎಲ್ಲ ಮಾಡುತ್ತಾನೆ. ಆಟ ತೆರೆದರೆ ಅವನ ಪ್ಯಾಕ್ ಪಟ್ಟಿಯಲ್ಲಿ ಕಾಣುವುದೇ ಇಲ್ಲ! ಕಾರಣವಿಷ್ಟೆ: ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಕಡತದ ಹೆಸರಿನ ಬಾಲಕ್ಕೆ '.ಟಿಎಕ್ಸ್‌ಟಿ' ಎಂಬ ಇನ್ನೊಂದು ಬಾಲ ತಾನಾಗಿ ಅಂಟಿಕೊಂಡಿದೆ. ವಿಂಡೋಸ್ ಕಂಪ್ಯೂಟರ್ ಪರಿಚಿತ ಬಾಲಗಳನ್ನು ಸಾಮಾನ್ಯವಾಗಿ ಮರೆಮಾಡುವುದರಿಂದ ಅವನ ಕಣ್ಣಿಗೆ ಹೆಸರು ಸರಿಯಾಗಿಯೇ ಕಾಣುತ್ತದೆ. ತಾನು ಮಾಡಿದ್ದೆಲ್ಲ ಸರಿಯಿದೆ, ಆದರೂ ಆಗುತ್ತಿಲ್ಲ. ಹಾಗಾದರೆ ದೋಷ ತನ್ನಲ್ಲೇ ಇರಬೇಕು, ಇದು ತನ್ನಂಥವರಿಗಲ್ಲ ಎಂದು ಹುಡುಗ ತೀರ್ಮಾನಿಸುವ ಗಳಿಗೆ ಇದು. ಒಂದು ವಿದ್ಯೆಯಿಂದ ಒಬ್ಬ ಮನುಷ್ಯ ಶಾಶ್ವತವಾಗಿ ದೂರವಾಗುವುದು ದೊಡ್ಡ ಸೋಲುಗಳಿಂದಲ್ಲ, ಇಂಥ ಕಾಣದ ಬಾಲಗಳಿಂದ.

ಈಗ ಅವನು ಬಲ್ಲವರನ್ನು ಕೇಳುತ್ತಾನೆ. ಬಲ್ಲವರಲ್ಲಿ ಮೂರು ಬಗೆ.

ಮೊದಲನೆಯವನು ದಯಾಳು. "ಇತ್ತ ಕೊಡು" ಎಂದು ಕಡತವನ್ನು ತರಿಸಿಕೊಂಡು ಹತ್ತು ಸೆಕೆಂಡಿನಲ್ಲಿ ಸರಿಮಾಡಿ ಹಿಂದಿರುಗಿಸುತ್ತಾನೆ. ಬಟಾಟೆ ಬಟಾಟೆಯಾಯಿತು, ಹುಡುಗನಿಗೆ ಸಂತೋಷವಾಯಿತು. ಆದರೆ ಮುಂದಿನ ಕಡತದಲ್ಲಿ ಅದೇ ತೊಡಕು ಬಂದಾಗ ಮತ್ತೆ ಇವನ ಬಾಗಿಲಿಗೇ ಬರಬೇಕು. ಗಾದೆ ಹೇಳುವ ಕಟ್ಟಿಕೊಟ್ಟ ಬುತ್ತಿ ಇದೇ.

ಎರಡನೆಯವನು ಕಟ್ಟುನಿಟ್ಟಿನವನು. "ಕೈಪಿಡಿ ಓದಿಕೊಂಡು ಬಾ. ನಮಗೆ ಯಾರು ಹೇಳಿಕೊಟ್ಟಿದ್ದರು?" ಎನ್ನುತ್ತಾನೆ. ಇದು ಸ್ವಾವಲಂಬನೆಯ ಉಪದೇಶದಂತೆ ಕೇಳುತ್ತದೆ. ಹಾಗೆ ನೋಡಿದರೆ ಇದು ಉಪದೇಶದ ವೇಷ ಹಾಕಿದ ಜಿಪುಣತನ. ಕೈಪಿಡಿಯಲ್ಲಿ ಕಡತದ ಹೆಸರು ಹೀಗಿರಬೇಕೆಂದು ಇದೆ, ಹುಡುಗನ ಕಣ್ಣಿಗೂ ಹೆಸರು ಹಾಗೆಯೇ ಕಾಣುತ್ತಿದೆ. ನೂರು ಸಲ ಓದಿದರೂ ಅವನಿಗೆ ತಪ್ಪು ಸಿಗದು. ಯಾವುದನ್ನು ಹುಡುಕಬೇಕೆಂದೇ ತಿಳಿಯದವನಿಗೆ "ಹುಡುಕಿಕೋ" ಎನ್ನುವುದು ಕತ್ತಲೆ ಕೋಣೆಯಲ್ಲಿ ದೀಪದ ಗುಂಡಿ ಎಲ್ಲಿದೆಯೆಂದು ಹೇಳದೆ ಬಾಗಿಲು ಹಾಕಿಕೊಂಡು ಹೋದಂತೆ. ಇನ್ನು, ತನಗೆ ಯಾರೂ ಹೇಳಿಕೊಡಲಿಲ್ಲ ಎಂಬ ಮಾತು. ಅವನು ಓದಿದ ಕೈಪಿಡಿಯನ್ನು ಯಾರೋ ಬರೆದಿದ್ದರಲ್ಲವೆ?

ಮೂರನೆಯವನು ಕಡತವನ್ನು ಮುಟ್ಟುವುದಿಲ್ಲ. "ಫೋಲ್ಡರಿನ ಮೇಲ್ಗಡೆ 'ವ್ಯೂ' ಎಂದಿದೆ ನೋಡು. ಅಲ್ಲಿ ಹೆಸರಿನ ಬಾಲಗಳನ್ನು ತೋರಿಸುವ ಗುರುತೊಂದಿದೆ, ಅದನ್ನು ಹಾಕು. ಈಗ ನಿನ್ನ ಕಡತದ ಪೂರ್ತಿ ಹೆಸರನ್ನು ನನಗೆ ಓದಿಹೇಳು" ಎನ್ನುತ್ತಾನೆ. ಹುಡುಗ ಓದುತ್ತಾನೆ. ಓದುತ್ತಿರುವಾಗಲೇ ಅವನ ಧ್ವನಿ ಬದಲಾಗುತ್ತದೆ. ತಪ್ಪನ್ನು ಹಿಡಿದವನು ಅವನೇ. ನಾಳೆ ಅವನು ಭಾಷೆಯ ಕಡತದಲ್ಲಿ ಎಲ್ಲೋ ಒಂದು ಅಲ್ಪವಿರಾಮ ಬಿಟ್ಟು ಆಟ ಮೌನವಾಗಿ ಹಳೆಯ ಶಬ್ದವನ್ನೇ ತೋರಿಸಿದಾಗ, ಈ ಮೂರನೆಯವನು ಆಟವು ಬರೆದಿಡುವ ದಿನಚರಿಯನ್ನು, ಅಂದರೆ 'ಲಾಗ್' ಕಡತವನ್ನು, ತೆರೆಯುವುದನ್ನು ತೋರಿಸುತ್ತಾನೆ. ಎಷ್ಟನೇ ಸಾಲಿನಲ್ಲಿ ಓದು ಮುಗ್ಗರಿಸಿತೆಂದು ಹಲವು ವೇಳೆ ಅದರಲ್ಲೇ ಬರೆದಿರುತ್ತದೆ. ಆ ಮೇಲೆ ಹುಡುಗ ಮನುಷ್ಯರನ್ನು ಕೇಳುವ ಮೊದಲು ದಿನಚರಿಯನ್ನು ಕೇಳುತ್ತಾನೆ.

ಮೊದಲನೆಯವನು ಫಲವನ್ನು ಕೊಟ್ಟ, ಎರಡನೆಯವನು ಏನನ್ನೂ ಕೊಡಲಿಲ್ಲ, ಮೂರನೆಯವನು ಕಣ್ಣನ್ನು ಕೊಟ್ಟ. ಮೇಲ್ನೋಟಕ್ಕೆ ಮೂರನೆಯವನ ಸಹಾಯ ಮೊದಲನೆಯವನದಕ್ಕಿಂತ ಕಡಿಮೆ. ಆದರೆ ಅವನು ವ್ಯಯಿಸಿದ ಕಾಲ ಹೆಚ್ಚು, ತಾಳ್ಮೆಯಂತೂ ಬಹಳ ಹೆಚ್ಚು. ಉತ್ತರ ತನ್ನ ನಾಲಗೆಯ ತುದಿಯಲ್ಲಿರುವಾಗ ಇನ್ನೊಬ್ಬನು ಅದನ್ನು ತಲಪುವವರೆಗೆ ಸುಮ್ಮನಿರುವುದು ಸುಲಭದ ಸಾಧನೆಯಲ್ಲ.

ಈ ಮೂರು ಬಗೆಯವರನ್ನು ಕಾಣಲು ಕಂಪ್ಯೂಟರೇ ಬೇಕೆಂದಿಲ್ಲ. ನಾವು ಬಿ.ಎಸ್‌ಸಿ. ಓದುತ್ತಿದ್ದಾಗ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ಲವಣ ಯಾವುದೆಂದು ಪತ್ತೆ ಹಚ್ಚಬೇಕಿತ್ತು. ಚಹದ ಕಾಸಿಗೆ ಲವಣದ ಹೆಸರನ್ನು ಕಿವಿಯಲ್ಲಿ ಉಸುರುವ ಪರಿಚಾರಕರೊಬ್ಬರು ಇದ್ದರು. ಅವರ ಕೃಪೆಯಿಂದ ಉತ್ತೀರ್ಣರಾದವರು ಉತ್ತೀರ್ಣರಾದರೇ ಹೊರತು, ಬೆಳ್ಳಿಯ ನೈಟ್ರೇಟಿನ ದ್ರಾವಣ ಹಾಕಿದಾಗ ಬಿಳಿಯ ಗಷ್ಟು ಏಕೆ ಬರುತ್ತದೆಂದು ಕೊನೆಗೂ ಅರಿಯಲಿಲ್ಲ. ಕಚೇರಿಯಲ್ಲಿಯೂ ಹಾಗೆಯೇ. ಹೊಸ ಗುಮಾಸ್ತ ಬರೆದ ಕರಡನ್ನು ಪೂರ್ತಿ ಹೊಡೆದುಹಾಕಿ ತಾನೇ ಬರೆಯುವ ಮೇಲಧಿಕಾರಿಗಳಿದ್ದಾರೆ, ಕಾರಣ ಹೇಳದೆ ಕಡತವನ್ನು ಮೂರು ಸಲ ಹಿಂದಕ್ಕೆ ಕಳುಹಿಸುವವರಿದ್ದಾರೆ, ಅಂಚಿನಲ್ಲಿ "ದಯವಿಟ್ಟು ಬಂದು ಮಾತನಾಡಿ" ಎಂದು ಬರೆದು, ಹೋದಾಗ ಎದುರಿಗೆ ಕೂರಿಸಿಕೊಂಡು "ಈ ವಾಕ್ಯ ಓದಿದವನಿಗೆ ಏನು ಮಾಡಬೇಕೆಂದು ತಿಳಿಯುತ್ತದೆಯೆ?" ಎಂದು ಕೇಳುವವರೂ ಇದ್ದಾರೆ. ಆ ಅಂಚಿನ ಟಿಪ್ಪಣಿಯಿಂದ ಕೆಲಸ ಕಲಿತವರು ಎಷ್ಟೋ ಮಂದಿ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಎಲ್ಲವನ್ನೂ ಹೀಗೆ ಪ್ರಶ್ನೆ ಕೇಳಿಯೇ ಕಲಿಸಬೇಕೆ? ಬಾಯಾರಿದವನು ನೀರು ಕೇಳಿದರೆ ಬಾವಿ ತೋಡುವುದನ್ನು ಕಲಿಸುತ್ತಾರೆಯೆ? ಆಕ್ಷೇಪದಲ್ಲಿ ಹುರುಳಿದೆ. ಪ್ಯಾಕ್‌ನ ಪರಿಚಯ ಕಡತದಲ್ಲಿ ಆಟದ ಆವೃತ್ತಿಗೆ ಹೊಂದುವ ಒಂದು ಸಂಖ್ಯೆಯನ್ನು ಬರೆಯಬೇಕಾಗುತ್ತದೆ. ಅದು ಯಾರೋ ಗೊತ್ತುಮಾಡಿದ ಸಂಖ್ಯೆ, ಯೋಚಿಸಿ ಕಂಡುಕೊಳ್ಳುವಂಥದಲ್ಲ. ಅದನ್ನು ಕೇಳಿದವನಿಗೆ ನೇರವಾಗಿ ಹೇಳಿಬಿಡಬೇಕು. ಅಲ್ಲಿ ಒಗಟು ಹಾಕುವುದು ಕ್ರೌರ್ಯ. ಯಾವುದನ್ನು ತರ್ಕದಿಂದ ತಲಪಲಾಗದೋ ಅದನ್ನು ಕೊಟ್ಟುಬಿಡು. ಯಾವುದು ಮತ್ತೆ ಮತ್ತೆ ಎದುರಾಗುವುದೋ ಅದನ್ನು ಕಾಣಲು ಕಲಿಸು. ಸ್ಥೂಲವಾಗಿ ಇದೇ ನಿಯಮವೆನ್ನಬಹುದು. ಇದಕ್ಕೆ ಇನ್ನೊಂದನ್ನು ಸೇರಿಸಬೇಕು. ಸೋತು ಕಣ್ಣಲ್ಲಿ ನೀರು ತಂದುಕೊಂಡ ಮಗುವಿಗೆ ಮೊದಲು ಒಂದು ಗೆಲುವು ಬೇಕು, ಪಾಠ ಆಮೇಲೆ. ಆ ಹೊತ್ತಿಗೆ ದಯಾಳುವಿನ ಹತ್ತು ಸೆಕೆಂಡಿನ ಸಹಾಯವೇ ಸರಿಯಾದದ್ದು. ಯಾವಾಗ ಯಾವುದು ಎಂಬ ತಾರತಮ್ಯಜ್ಞಾನವಿಲ್ಲದ ಸಹಾಯ ಬರೀ ಅಭ್ಯಾಸವಾಗುತ್ತದೆ.

ಇನ್ನು ಪ್ರತಿಫಲದ ವಿಚಾರ. 2015ರ ಏಪ್ರಿಲ್ 23ರಂದು ವಾಲ್ವ್ ಮತ್ತು ಬೆಥೆಸ್ಡಾ ಎಂಬ ಕಂಪೆನಿಗಳು 'ಸ್ಕೈರಿಮ್' ಎಂಬ ಆಟದ ಮಾಡ್‌ಗಳನ್ನು ಹಣಕ್ಕೆ ಮಾರುವ ವ್ಯವಸ್ಥೆ ಮಾಡಿದವು. ಬೆಲೆಯಲ್ಲಿ ಶೇಕಡಾ 25 ಮಾಡಿದವನಿಗೆ, ಉಳಿದದ್ದು ಕಂಪೆನಿಗಳಿಗೆ. ಎಷ್ಟು ಪ್ರತಿಭಟನೆ ಎದ್ದಿತೆಂದರೆ, ಏಪ್ರಿಲ್ 27ರಂದು, ನಾಲ್ಕೇ ದಿನಗಳಲ್ಲಿ, ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ದುಡಿದವನಿಗೆ ದುಡ್ಡು ಬರುವುದು ತಪ್ಪೆಂದು ನಾವು ಹೇಳುವುದಿಲ್ಲ. ತಿಂಗಳ ಸಂಬಳ ಎಣಿಸುವ ನಮಗೆ ಆ ಮಾತು ಶೋಭಿಸದು. ಆದರೆ ಅಂದು ಎದ್ದ ಒಂದು ಪ್ರಶ್ನೆ ಮರೆಯುವಂಥದಲ್ಲ. ಮೊದಲ ದಿನ ಮಾರಾಟಕ್ಕಿಟ್ಟವುಗಳಲ್ಲಿ ಮೀನು ಹಿಡಿಯುವ ಆಟವನ್ನು ಸೇರಿಸುವ ಮಾಡ್ ಒಂದಿತ್ತು. ಅದು ಇನ್ನೊಬ್ಬರ ಉಚಿತ ಕೆಲಸವನ್ನು ಬಳಸಿಕೊಂಡಿದೆಯೆಂಬ ತಕರಾರು ಬಂದು ಅದನ್ನು ತೆಗೆಯಲಾಯಿತು. ಯಾವ ಮಾಡ್ ಆದರೂ ಹೀಗೆಯೇ. ಅದರ ಅಡಿಯಲ್ಲಿ ಇನ್ನೊಬ್ಬನ ಸಾಧನ, ಮತ್ತೊಬ್ಬನ ಕೈಪಿಡಿ, ಯಾರೋ ಕೊಟ್ಟ ಉತ್ತರ ಇದ್ದೇ ಇರುತ್ತವೆ. ಹಾಗಾದರೆ ಸಾಲ ಯಾರಿಗೆ ತೀರಿಸುವುದು? ಕೊಟ್ಟವನಿಗೆ ತೀರಿಸಲು ಸಾಧ್ಯವಿಲ್ಲ. ಅವನಿಗೆ ನಿನ್ನಿಂದ ಕಲಿಯುವಂಥದೇನೂ ಇಲ್ಲ. ನಿನ್ನ ಹಿಂದೆ ಬರುವವನಿಗೆ ತೀರಿಸಬೇಕು. ಇದು ಹಿಂದಕ್ಕೆ ಹೋಗದೆ ಮುಂದಕ್ಕೆ ಮಾತ್ರ ಹೋಗುವ ಸಾಲ.

ಆದ್ದರಿಂದ ಹೊಸಬನಿಗೆ ಕೈಚಳಕದೊಡನೆ ಮರ್ಯಾದೆಯನ್ನೂ ಕಲಿಸಬೇಕಾಗುತ್ತದೆ. ಇನ್ನೊಬ್ಬನ ಚಿತ್ರವನ್ನು ಬಳಸುವ ಮೊದಲು ಅನುಮತಿ ಕೇಳು, ಹೆಸರು ಹಾಕು. ಡೂಮ್‌ನ ದಿನಗಳಲ್ಲಿ ತಿದ್ದುವ ಸಾಧನಗಳು ಹಣ ಕೊಟ್ಟು ಕೊಂಡ ಪ್ರತಿಯೊಡನೆ ಮಾತ್ರ ಕೆಲಸ ಮಾಡಬೇಕೆಂದು ಕಂಪೆನಿ ಬಯಸಿತ್ತು; ಡಿಇಯು ಮಾಡಿದವರು ಅದನ್ನು ಗೌರವಿಸಿದರು. ಬಾಗಿಲು ತೆರೆದಿಟ್ಟವನ ಮನೆಯ ಪಾತ್ರೆ ಹೊತ್ತೊಯ್ಯಬಾರದೆಂಬ ಸಾಮಾನ್ಯ ಸೌಜನ್ಯವಿದು. ಜೊತೆಗೆ ಅಪಾಯವನ್ನೂ ತಿಳಿಸಬೇಕು. 2023ರ ಜೂನ್‌ನಲ್ಲಿ ಮೈನ್‌ಕ್ರಾಫ್ಟಿನ ಪ್ರಸಿದ್ಧ ಮಾಡ್ ಭಂಡಾರವೊಂದರಲ್ಲೇ ಕಳ್ಳ ಪ್ರೋಗ್ರಾಂ ಸೇರಿಕೊಂಡ ಮಾಡ್‌ಗಳು ಪತ್ತೆಯಾದವು. ಕಂಡದ್ದನ್ನೆಲ್ಲ ಕಂಪ್ಯೂಟರಿಗೆ ಇಳಿಸಬೇಡ ಎಂದು ಹೇಳದೆ ಕಲಿಸುವವನು ಅರ್ಧ ಗುರು.

ಇದೆಲ್ಲಕ್ಕೂ ನಮ್ಮಂಥ ಪರಸ್ಥಳದ ಕನ್ನಡಿಗರಿಗೂ ಏನು ಸಂಬಂಧ? ಬಹಳ ಇದೆ. ಈ ಮಹಾನಗರಗಳಲ್ಲಿ ಒಂದು ಕಾಲಕ್ಕೆ ನಾವೆಲ್ಲರೂ ಹೊಸಬರೇ. ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ಕನ್ನಡದ ರಾತ್ರಿಶಾಲೆಗಳು ಅಕ್ಷರ ಕೊಟ್ಟವು. ಆ ಶಾಲೆಗಳು ಹುಡುಗರ ಊರಿನ ಕಾಗದವನ್ನು ತಾವೇ ಬರೆದುಕೊಟ್ಟು ಸುಮ್ಮನಾಗಲಿಲ್ಲ, ಬರೆಯಲು ಕಲಿಸಿದವು. ಊರಿನಿಂದ ಬಂದವನನ್ನು ದಿನವೂ ಕೈಹಿಡಿದು ಲೋಕಲ್ ರೈಲು ಹತ್ತಿಸುವವನಿಗಿಂತ, ಸ್ಲೋ ಯಾವುದು ಫಾಸ್ಟ್ ಯಾವುದು ಎಂದು ಫಲಕ ಓದುವುದನ್ನು ತೋರಿಸಿದವನು ಹೆಚ್ಚಿನ ಉಪಕಾರಿ. ಆದರೆ ಪ್ರಾಮಾಣಿಕವಾಗಿ ನೋಡಿದರೆ, ನಮ್ಮ ಸಂಘಸಂಸ್ಥೆಗಳಲ್ಲಿ ಮೊದಲ ಬಗೆಯ ದಯಾಳುಗಳೇ ಹೆಚ್ಚು ಕಾಣುತ್ತಾರೆ. "ನನ್ನನ್ನು ಕೇಳದೆ ಅವನ ಮನೆಯಲ್ಲಿ ಒಂದು ಕಾಗದವೂ ಓಡುವುದಿಲ್ಲ" ಎಂದು ಹೇಳಿಕೊಳ್ಳುವುದರಲ್ಲಿ ಒಂದು ಸುಖವಿದೆ. ಸಹಾಯ ಮಾಡುವವನ ನಿಜವಾದ ಪರೀಕ್ಷೆ ಇರುವುದು ಈ ಸುಖವನ್ನು ಬಿಡುವುದರಲ್ಲಿ. ಎದುರಿನವನಿಗೆ ತಾನು ಬೇಡವಾಗುವ ದಿನವನ್ನು ತಾನೇ ಹತ್ತಿರ ತರಬೇಕು. ಅವನು ನಿನ್ನೆಯವರೆಗೆ ಕೇಳುತ್ತಿದ್ದ ಪ್ರಶ್ನೆಗೆ ಇಂದು ಇನ್ನೊಬ್ಬನಿಗೆ ಉತ್ತರಿಸುವುದನ್ನು ಮೂಲೆಯಲ್ಲಿ ನಿಂತು ಕೇಳಿ, ಬಾಯಿ ಹಾಕದೆ ಇರಬೇಕು.

ಈಗ ಗಾದೆಯ ವಿಷಯ. ಹಿರಿಯರು ಬುತ್ತಿಯನ್ನೂ ಮಾತನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟದ್ದು, ಮಾತನ್ನು ಬುತ್ತಿಯಂತೆ ಕಟ್ಟಿಕೊಟ್ಟವರನ್ನು ಕಂಡಿದ್ದರಿಂದಲೇ ಇರಬೇಕು. ಸಿದ್ಧ ಉತ್ತರ ಹಳಸುತ್ತದೆ. ಆಟದ ಹೊಸ ಆವೃತ್ತಿ ಬಂದ ದಿನ ನಿನ್ನೆಯ ಉತ್ತರ ಕೆಲಸಕ್ಕೆ ಬಾರದು. ಆದರೆ ಹೆಸರಿನ ಬಾಲವನ್ನು ನೋಡಬೇಕು, ದಿನಚರಿಯನ್ನು ಓದಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸಬೇಕು ಎಂಬ ಅಭ್ಯಾಸಗಳು ಯಾವ ಆವೃತ್ತಿಗೂ ಹಳಸುವುದಿಲ್ಲ. ಅವು ಆಟದಿಂದ ಹೊರಗೂ, ನಮ್ಮ ಕಚೇರಿಯ ಕಡತಕ್ಕೂ, ಮನೆಯ ಕೆಟ್ಟ ಮಿಕ್ಸಿಗೂ ಬರುತ್ತವೆ.

ಕಂಪ್ಯೂಟರ್ ತಿಳಿಯದ ತಂದೆತಾಯಿಗಳು ಇದರಲ್ಲಿ ಏನು ಮಾಡಬಹುದು ಎಂದು ಕೇಳಬಹುದು. ಮಗ ಅಥವಾ ಮಗಳು ಸೋತು ಕುಳಿತಾಗ "ಏನು ಮಾಡಿದೆ, ಮೊದಲಿನಿಂದ ನನಗೆ ಹೇಳು" ಎಂದು ಪಕ್ಕದಲ್ಲಿ ಕೂರಬಹುದು. ತಿಳಿಯದವರಿಗೆ ಬಿಡಿಸಿ ಹೇಳುತ್ತಿರುವಾಗಲೇ ಅರ್ಧ ತಪ್ಪುಗಳು ತಾವಾಗಿ ಸಿಕ್ಕಿಬೀಳುತ್ತವೆ. ತಪ್ಪು ಸಿಕ್ಕಿದ ಮೇಲೆ ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಬಹುದು, ಸಾಧ್ಯವಾದರೆ ಕನ್ನಡದಲ್ಲಿ. ಅಕ್ಷರ ತಪ್ಪಾದರೂ ಚಿಂತೆಯಿಲ್ಲ. ಮುಂದಿನ ರಜೆಯಲ್ಲಿ ಊರಿನಿಂದ ಬರುವ ಚಿಕ್ಕಪ್ಪನ ಮಗನಿಗೋ ಕಟ್ಟಡದ ಕೆಳಮಾಳಿಗೆಯ ಹುಡುಗಿಗೋ ಇದೇ ಹುಚ್ಚು ಹಿಡಿದಾಗ ಆ ಪುಟ ಬೇಕಾಗುತ್ತದೆ.